ಸೀಸ ನಿದ್ದೆಯಲ್ಲಿ ನಡೆಯುತ್ತದೆ

ಸೀಲಕ್ಕನ ಮುತ್ತಜ್ಜ ಊರಿನ ದೊಡ್ಡ ಗ್ರಂಥಾಲಯದ ಗುಮ್ಮಟಕ್ಕೆ ಸೀಸದ ತಗಡು ಹೊದಿಸಿದವನು. ಹನ್ನೊಂದು ತಿಂಗಳು ಹಗ್ಗಕ್ಕೆ ಜೋತುಬಿದ್ದೇ ಕೆಲಸ ಮಾಡಿದನಂತೆ. ಕೆಳಗಿಳಿದ ದಿನ ನೆಲವೇ ಅಲ್ಲಾಡುತ್ತಿದೆ ಎಂದು ಗೋಡೆ ಹಿಡಿದುಕೊಂಡು ಮನೆಗೆ ಬಂದನಂತೆ. ಇಳಿಯುವ ಮುಂಚೆ ತಗಡಿನ ಅಂಚಿಗೆ ಸರಿಯಾಗಿ ಕಲ್ಲಿನ ಮೇಲೆ ಉಳಿಯಿಂದ ಒಂದು ಗೆರೆ ಗೀಚಿ, "ಸೀಸ ಸತ್ತ ಲೋಹ ಅಂತಾರೆ, ಸುಳ್ಳು. ಅದು ನಿದ್ದೆ ಮಾಡ್ತಿರುತ್ತೆ. ನಿದ್ದೆಯಲ್ಲೇ ನಡೆಯುತ್ತೆ. ನನ್ನ ಮೊಮ್ಮಕ್ಕಳು ಹತ್ತಿ ನೋಡಲಿ" ಎಂದಿದ್ದ. ಮೊಮ್ಮಗ ತಲೆ ನರೆತ ಮೇಲೆ ಹತ್ತಿ ನೋಡಿದ. ತಗಡು ಗೆರೆಯನ್ನು ದಾಟಿ ಒಂದು ಬೆರಳಗಲ ಕೆಳಗೆ ಬಂದಿತ್ತು. ಯಾರೂ ಎಳೆದಿರಲಿಲ್ಲ, ಯಾರೂ ತಳ್ಳಿರಲಿಲ್ಲ. ಅಷ್ಟು ವರ್ಷ ಬಿಸಿಲಿನಲ್ಲಿ ಮಲಗಿದ್ದು, ತನ್ನ ಭಾರಕ್ಕೆ ತಾನೇ, ಯಾರ ಕಣ್ಣಿಗೂ ಬೀಳದ ಹಾಗೆ ನಡೆದು ಬಂದಿತ್ತು.

ಅಜ್ಜ ಗೋಡೆ ಕಟ್ಟುವವರಿಗೆ ಸೀಸದ ತೂಗುಗುಂಡು ಎರೆದುಕೊಟ್ಟವನು. "ಈ ಊರಲ್ಲಿ ನೆಟ್ಟಗಿರೋ ಗೋಡೆಯೆಲ್ಲ ನಂದು, ವಾಲಿರೋದೆಲ್ಲ ಮೇಸ್ತ್ರಿದು" ಎನ್ನುವುದು ಅವನ ಮಾತು. ಒಮ್ಮೆ ಕಾರ್ಖಾನೆಯ ಹೊಗೆಕೊಳವೆ ನೆಟ್ಟಗೆ ನಿಲ್ಲಿಸಲು ಎಂಟು ಕಿಲೋದ ಗುಂಡೊಂದನ್ನು ಎರೆದ. ಪೇರಲ ಹಣ್ಣಿನ ಆಕಾರ, ನೆತ್ತಿಯಲ್ಲಿ ಕಬ್ಬಿಣದ ಕೊಂಡಿ. ಕೊಳವೆ ನಿಂತಿತು, ಗುಂಡು ಮನೆಗೆ ವಾಪಸು ಬಂತು. ಅಂದಿನಿಂದ ಅದು ಬಾಗಿಲು ಗಾಳಿಗೆ ಬಡಿಯದ ಹಾಗೆ ಒತ್ತಿ ಹಿಡಿಯುವ ಕೆಲಸಕ್ಕೆ ನಿಂತಿತು.

ಅಪ್ಪ ಛಾಪಖಾನೆಯಲ್ಲಿ ಸೀಸದ ಅಚ್ಚಿನ ಮೊಳೆ ಎರೆಯುತ್ತಿದ್ದ. ದಿನಕ್ಕೆ ಸಾವಿರಾರು ಅಕ್ಷರ ಅವನ ಕೈಯಿಂದ ಬಿಸಿಬಿಸಿಯಾಗಿ ಬೀಳುತ್ತಿದ್ದವು. ಉಲ್ಟಾ ಅಕ್ಷರ ನೋಡಿ ನೋಡಿ, ನೆಟ್ಟಗೆ ಬರೆದ ಕಾಗದ ಬಂದರೆ ಕನ್ನಡಿ ಹಿಡಿದು ಓದುತ್ತಾನೆ ಎಂದು ಅಮ್ಮ ಹಾಸ್ಯ ಮಾಡುತ್ತಿದ್ದಳು. ಮುತ್ತಜ್ಜಿಯ ಕಾಲದಿಂದ ಬಂದ ಒಂದೇ ಕಾನೂನು ಅವಳದು: ಸೀಸ ಮುಟ್ಟಿದ ಕೈ ಮೂರು ಸಲ ಸೋಪು ಕಾಣದೆ ತಟ್ಟೆ ಮುಟ್ಟಕೂಡದು. ಆ ಕಾನೂನಿನಿಂದಲೇ ನಾಲ್ಕು ತಲೆಮಾರು ಸೀಸದ ಜೊತೆ ಬಾಳಿ ಹಲ್ಲು, ಬುದ್ಧಿ ಎರಡನ್ನೂ ಉಳಿಸಿಕೊಂಡಿತು.

ಇಂಥ ಮನೆಯ ಹಿರಿಮಗಳು ಕರೆಂಟು ಆಫೀಸಿನಲ್ಲಿ ಮೂವತ್ತೆರಡು ವರ್ಷ ಮೀಟರುಗಳಿಗೆ ಸೀಲು ಒತ್ತಿದಳು. ತಂತಿ ಪೋಣಿಸಿ, ತುದಿಗೆ ಸೀಸದ ಗುಂಡಿ ಇಟ್ಟು, ಕೈಪ್ರೆಸ್ಸಿನ ಹಿಡಿ ಒತ್ತಿದರೆ ಗುಂಡಿಯ ಮೇಲೆ ಆಫೀಸಿನ ಗುರುತು ಮೂಡಬೇಕು. ಕಡಿಮೆ ಒತ್ತಿದರೆ ಗುರುತು ಕಾಣದು, ಹೆಚ್ಚು ಒತ್ತಿದರೆ ತಂತಿ ತುಂಡಾಗುತ್ತದೆ. ಅವಳ ಸೀಲು ಕಣ್ಣು ಮುಚ್ಚಿ ಬೆರಳಲ್ಲಿ ಸವರಿದರೂ ಗೊತ್ತಾಗುತ್ತಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಪುಸ್ತಕದಲ್ಲಿ ಉಳಿಯಿತು, ಜನರ ಬಾಯಲ್ಲಿ ಅವಳು ಸೀಲಕ್ಕ ಆದಳು. ಆಫೀಸಿಗೆ ಹೊಸ ಬಗೆಯ ಪ್ಲಾಸ್ಟಿಕ್ ಸೀಲು ಬಂದ ವರ್ಷವೇ ಅವಳು ನಿವೃತ್ತಿಯಾದಳು. ಏನು ಉಡುಗೊರೆ ಬೇಕೆಂದು ಕೇಳಿದವರಿಗೆ, "ಆ ಹಳೇ ಕೈಪ್ರೆಸ್ಸು ಗುಜರಿಗೆ ಹಾಕ್ತೀರಲ್ಲ, ನನಗೆ ಕೊಡಿ" ಎಂದಳು. ಇಬ್ಬರು ಹೊತ್ತುಕೊಂಡು ಬಂದು ಅವಳ ಮಹಡಿಯ ಕೋಣೆಯ ಮೇಜಿಗೆ ಬೋಲ್ಟು ಬಿಗಿದು ಹೋದರು.

ಅದರ ಕೆಳಗಿನ ಅಂಗಡಿ ಅವಳ ತಮ್ಮನದು. ತಮ್ಮ ಕನ್ನಡಕದ ಗಾಜು ಉಜ್ಜುವವನು. ಊರಿನ ಅರ್ಧ ಕಣ್ಣು ಅವನ ಕೈಯಲ್ಲಿ ತಿಳಿಯಾಗಿದ್ದವು. ಮಾತು ಕಡಿಮೆ, ನಗು ಜಾಸ್ತಿ. ಅವನಿಗೆ ಇದ್ದ ಒಂದೇ ಹುಚ್ಚು ಏರ್‌ಗನ್ನಿನದು. ಹಕ್ಕಿಗೆ ಹೊಡೆದವನಲ್ಲ, ಡಬ್ಬಿಗೂ ಹೊಡೆದವನಲ್ಲ. ಊರಾಚೆ ಹಳೆಯ ಇಟ್ಟಿಗೆ ಗೂಡಿನ ಬಯಲಲ್ಲಿ ಗುರಿಗಾರರ ಸಂಘವೊಂದಿತ್ತು. ಭಾನುವಾರ ಅಲ್ಲಿಗೆ ಹೋಗಿ, ಹೊಟ್ಟೆ ಅಡಿಯಾಗಿ ಮಲಗಿ, ನೂರು ಹೆಜ್ಜೆ ಆಚೆಯ ಕಾಗದಕ್ಕೆ ತೂತು ಮಾಡಿ ಬರುವುದರಲ್ಲೇ ಅವನಿಗೆ ಸ್ವರ್ಗ.

ಮೂವತ್ತು ವರ್ಷದ ಹಿಂದೆ ಅಕ್ಕ ಒಂದು ಭಾನುವಾರ ಮಡಚುವ ಕುರ್ಚಿ ಹಿಡಿದುಕೊಂಡು ಜೊತೆಗೆ ಹೋದಳು. ನೂರು ಹೆಜ್ಜೆಗೆ ಏರ್‌ಗನ್ನಿನ ಸೀಸದ ಪೆಲೆಟ್ಟುಗಳು ಗಾಳಿಗೆ ಸಿಕ್ಕಿ ಎತ್ತೆತ್ತಲೋ ಹೋಗುತ್ತಿದ್ದವು. ಸೀಲಕ್ಕ ಒಂದು ಪೆಲೆಟ್ಟನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ದುಂಡು ತಲೆ, ಸಣ್ಣ ಸೊಂಟ, ಹಿಂದೆ ಅಗಲವಾಗಿ ಬಿಚ್ಚಿಕೊಂಡ ಟೊಳ್ಳು ಬಾಲ.

"ಲಂಗ ಉಟ್ಕೊಂಡು ಓಡೋಕೆ ಹೊರಟಿದೆಯಲ್ಲೋ ಇದು! ಗಾಳಿ ಹಿಡ್ಕೊಳ್ಳದೆ ಬಿಡುತ್ತಾ?" ಎಂದಳು.

ಅವತ್ತಿನಿಂದ ಶುರುವಾದದ್ದು. ಲೇಥ್ ಕೆಲಸದವನೊಬ್ಬನನ್ನು ಹಿಡಿದು ಉಕ್ಕಿನ ಅಚ್ಚು ಮಾಡಿಸಿದಳು. ಒಂದು ತುಂಡಿನಲ್ಲಿ ಕನ್ನಡಿಯ ಹಾಗೆ ಹೊಳೆಯುವ ತೂತು, ಅದರೊಳಗೆ ಇಳಿಯುವ ಒಂದು ಕಡ್ಡಿ. ಅಚ್ಚಿಗೆ ಎಣ್ಣೆಯ ಪಸೆ ಸವರಿ, ಪೆಲೆಟ್ಟನ್ನು ತಲೆಕೆಳಗಾಗಿ ಇಳಿಸಿ, ಮೊದಲೆಲ್ಲ ಲೇಥ್ ಅಂಗಡಿಯ ಪ್ರೆಸ್ಸಿನಲ್ಲಿ, ನಿವೃತ್ತಿಯ ನಂತರ ತನ್ನದೇ ಕೈಪ್ರೆಸ್ಸಿನಲ್ಲಿ, ಕಡ್ಡಿಯಿಂದ ಒತ್ತಿದರೆ ಲಂಗ ಒಳಕ್ಕೆ ಮಡಚಿಕೊಳ್ಳುತ್ತದೆ, ಸೊಂಟ ತುಂಬಿಕೊಳ್ಳುತ್ತದೆ, ಆಚೆ ಬಂದದ್ದು ಮೈತುಂಬಿದ ಪುಟ್ಟ ಕಂಬ. ಸಂಘದವರು ಅದಕ್ಕೆ ಸ್ಲಗ್ ಎನ್ನುತ್ತಾರೆ. ಸೀಲಕ್ಕ ಗಟ್ಟಿ ಎಂದಳು. ಗಟ್ಟಿ ಸರಿಯಾಗಿದೆಯೋ ಇಲ್ಲವೋ ನೋಡಲು ಅವಳದೇ ಒಂದು ಪರೀಕ್ಷೆ: ತಮ್ಮನ ಅಂಗಡಿಯ ಕನ್ನಡಿ ಗಾಜೊಂದನ್ನು ತುಸು ಓರೆ ಇಟ್ಟು, ಮೇಲಿನಿಂದ ಗಟ್ಟಿಯನ್ನು ಉರುಳಿಬಿಡುವುದು. ಒಳಗೆಲ್ಲಾದರೂ ಟೊಳ್ಳು ಉಳಿದಿದ್ದರೆ ಅದು ಕುಂಟುತ್ತಾ ಪಕ್ಕಕ್ಕೆ ಎಳೆಯುತ್ತದೆ. ಮೈತುಂಬಿದ್ದರೆ ನೇರ ಬಂದು ಅಂಗೈಗೆ ಬೀಳುತ್ತದೆ. ಕುಂಟಿದ್ದು ಪಕ್ಕದ ಡಬ್ಬಿಗೆ, ನೇರ ಬಂದದ್ದು ತಮ್ಮನಿಗೆ.

ಅವಳು ಒತ್ತಿದ್ದನ್ನು ಅವನು ಹಾರಿಸಿದರೆ ಶಬ್ದವೇ ಬೇರೆ. ಪೆಲೆಟ್ಟು ಕಾಗದದ ಹಿಂದಿನ ಹಲಗೆಗೆ 'ಟಕ್' ಎನ್ನುತ್ತಿತ್ತು, ಗಟ್ಟಿ 'ದಪ್' ಎನ್ನುತ್ತಿತ್ತು. ಬಂದೂಕಿನ ಕುದುರೆ ಎಳೆದ ಕ್ಷಣಕ್ಕೂ ಆ ದಪ್ಪಿಗೂ ನಡುವೆ ಒಂದು ಸಣ್ಣ ಬಿಡುವಿತ್ತು, ಅರ್ಧ ಉಸಿರಿನಷ್ಟು. ಆ ಅರ್ಧ ಉಸಿರಿನಲ್ಲಿ ತನ್ನ ಕೈಕೆಲಸ ಹುಲ್ಲಿನ ಮೇಲೆ, ಚಿಟ್ಟೆಗಳ ಮೇಲೆ, ಯಾರಿಗೂ ಕಾಣದೆ ತೇಲಿಹೋಗುವುದನ್ನು ಸೀಲಕ್ಕ ಕಣ್ಣು ಮುಚ್ಚಿ ನೋಡುತ್ತಿದ್ದಳು. ಮೂವತ್ತು ವರ್ಷ ಭಾನುವಾರ ತಪ್ಪದೆ ನೋಡಿದಳು. ಮದುವೆಯಾಗಲಿಲ್ಲವಲ್ಲ ಎಂದು ಮರುಗಿದವರಿಗೆ, "ಪುರುಸೊತ್ತು ಎಲ್ಲಿತ್ತು?" ಎನ್ನುತ್ತಿದ್ದಳು.

ಈ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅವಳ ಬಲಗೈ ನಡುಗತೊಡಗಿತು. ಮೊದಮೊದಲು ಚಹಾ ಲೋಟ ತಟ್ಟೆಯ ಮೇಲೆ ಕಿಣಿಕಿಣಿ ಎಂದಾಗ ಅವಳೇ ನಕ್ಕಳು. ಆಮೇಲೆ ನಗು ಬರಲಿಲ್ಲ. ಎಣ್ಣೆಯ ಪಸೆ ಸವರಲು ಹೋದರೆ ಹನಿಯೇ ಬೀಳುತ್ತಿತ್ತು. ಅಚ್ಚಿನೊಳಗೆ ಸಿಕ್ಕಿಕೊಂಡ ಎಣ್ಣೆಗೆ ಓಡಿಹೋಗಲು ದಾರಿಯಿಲ್ಲ, ಅದು ಗಟ್ಟಿಯ ಮೂತಿಯಲ್ಲಿ ಸಣ್ಣ ಗುಳಿ ಮಾಡಿ ಕೂರುತ್ತಿತ್ತು. ಒತ್ತುವಾಗ ಹಿಡಿ ಒಂದು ಸಲ ಜಾಸ್ತಿ, ಒಂದು ಸಲ ಕಡಿಮೆ. ಗಾಜಿನ ಮೇಲೆ ಹತ್ತು ಉರುಳಿಸಿದರೆ ಒಂಬತ್ತು ಕುಂಟುತ್ತಿದ್ದವು.

"ಅಕ್ಕ, ಈ ಸಲ ಗಟ್ಟಿಗೆಲ್ಲ ಕೆನ್ನೆಗುಳಿ ಬಿದ್ದಿದೆಯಲ್ಲ, ಮದುವೆಗೆ ಬಂದಿವೆಯಾ?" ಎಂದು ತಮ್ಮ ತಮಾಷೆ ಮಾಡಿದ.

"ನಿನ್ನ ಮುಖ ನೋಡಿ ನಕ್ಕಿರಬೇಕು" ಎಂದು ಅವಳೂ ಮಾತಿಗೆ ಮಾತು ಕೊಟ್ಟಳು. ಆದರೆ ಆ ರಾತ್ರಿ ಊಟ ಸೇರಲಿಲ್ಲ.

ಸಂಘದ ವಾರ್ಷಿಕ ಪಂದ್ಯಕ್ಕೆ ಎರಡು ವಾರ ಇತ್ತು. ಆ ಭಾನುವಾರ ಬೆಳಿಗ್ಗೆ ಬಯಲಿನಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಸೀಲಕ್ಕ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದಳು. ತಮ್ಮ ಕುದುರೆ ಎಳೆದ. ಅರ್ಧ ಉಸಿರು. ಹಲಗೆಯ ಕಡೆಯಿಂದ ಶಬ್ದ ಬಂತು. ದಪ್ಪೇ, ಆದರೆ ಅವಳ ದಪ್ಪಲ್ಲ. ಸ್ವಲ್ಪ ತೆಳುವು, ಸ್ವಲ್ಪ ಒಣ. ಹಡೆದ ತಾಯಿ ಬೇರೆ ಮಗುವಿನ ಅಳು ಗುರುತಿಸುವ ಹಾಗೆ ಅವಳ ಕಿವಿ ಗುರುತಿಸಿತು. ಎರಡನೆಯದೂ ಹಾಗೆಯೇ. ಮೂರನೆಯದೂ. ಮನೆಗೆ ಬಂದು, ಅವನು ಕೈಕಾಲು ತೊಳೆಯಲು ಹೋದಾಗ ಅವನ ಚೀಲಕ್ಕೆ ಕೈ ಹಾಕಿದಳು. ಕನ್ನಡಕದ ಡಬ್ಬಿಯ ಅಡಿಯಲ್ಲಿ ದುಂಡನೆಯ ಹೊಸ ತಗಡಿನ ಡಬ್ಬಿ ಇತ್ತು. ಒಳಗೆ ಕಾರ್ಖಾನೆಯ ಗಟ್ಟಿಗಳು, ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು.

ತಮ್ಮ ಟವಲಿನಲ್ಲಿ ಮುಖ ಒರೆಸುತ್ತಾ ಬಂದವನು ಅಲ್ಲೇ ನಿಂತ.

"ಇದು ಯಾರ ಮನೆ ಕೂಸೋ?" ಎಂದಳು ಅಕ್ಕ.

"ಅಕ್ಕ... ನಿನಗೆ ತ್ರಾಸ ಆಗೋದು ಬೇಡ ಅಂತ..."

"ನನಗೆ ತ್ರಾಸ ಅಂತ ನಾನು ಹೇಳಿದ್ನಾ?"

"ಹೇಳಲ್ಲ ನೀನು. ಹೇಳದೇ ಇರೋದೇ ಕಷ್ಟ. ನಿನ್ನ ಕೈ ನೋಡು."

ಅವಳು ತನ್ನ ಕೈ ನೋಡಿದಳು. ಡಬ್ಬಿಯೊಳಗಿನ ಗಟ್ಟಿಗಳೆಲ್ಲ ಸಣ್ಣಗೆ ಗಲಗಲ ಎನ್ನುತ್ತಿದ್ದವು. ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಸದ್ದು ನಿಂತಿತು.

"ಪಂದ್ಯಕ್ಕೆ ಎಷ್ಟು ಬೇಕು?"

"ಹತ್ತು. ಕೈ ಪಳಗಿಸೋಕೆ ಇನ್ನೊಂದೈದು."

"ಹದಿನೈದು. ಎಲ್ಲಾ ಗಾಜಿನ ಮೇಲೆ ನೆಟ್ಟಗೆ ಉರುಳಬೇಕು. ಹದಿನಾಲ್ಕಾದ್ರೂ ನಾನು ಸೋತೆ. ಆಗ ನೀನು ಈ ಡಬ್ಬಿಯಲ್ಲಿರೋದನ್ನೇ ಬಿಡು. ನಾನು ಪ್ರೆಸ್ಸು ಬಿಚ್ಚಿ ಗುಜರಿಗೆ ಹಾಕ್ತೀನಿ, ಬಯಲ ಕಡೆ ತಲೆನೂ ಹಾಕಲ್ಲ. ಮಾತು ಮಾತೇ."

ತಮ್ಮ ಟವಲನ್ನು ಹೆಗಲಿಗೆ ಹಾಕಿಕೊಂಡ. ಡಬ್ಬಿಗೆ ಮುಚ್ಚಳ ಹಾಕಿ ಕೆಳಗಿಳಿದುಹೋದ.

ಮರುದಿನ ತಮ್ಮನ ಅಳಿಯ ಬಂದ. ಅವನದು ಲೇಥ್ ಅಂಗಡಿ. ಹಿಂದೆ ಅಚ್ಚು ಮಾಡಿಕೊಟ್ಟವನ ಮಗನೇ ಇವನು. ಅಚ್ಚಿನ ನೆಂಟಸ್ತಿಕೆಯೇ ಮನೆಯ ನೆಂಟಸ್ತಿಕೆಯಾಗಿ ಬೆಳೆದಿತ್ತು. ಒಳ್ಳೆಯವನು, ಆದರೆ ಸಹಾಯ ಮಾಡದಿದ್ದರೆ ಅನ್ನ ಅರಗದ ಜಾತಿ. ಬಗಲಲ್ಲಿ ಹೊಸದೊಂದು ಸಲಕರಣೆ ಹಿಡಿದು ಮೆಟ್ಟಿಲು ಹತ್ತಿದ.

"ಅತ್ತೆ, ಇದನ್ನ ನೋಡಿ. ಹಿಡಿ ಎಳೆದ್ರೆ ಕಡ್ಡಿ ಒಂದು ಕಡೆ ಬಂದು ತಡೆಗೆ ತಾಗಿ ನಿಂತುಬಿಡುತ್ತೆ. ನಿಮ್ಮ ಕೈ ನಡುಗಲಿ, ಕುಣಿಯಲಿ, ಎಲ್ಲ ಗಟ್ಟಿನೂ ಒಂದೇ ಉದ್ದ. ಎಣ್ಣೆನೂ ಬತ್ತಿಯಲ್ಲಿ ಬರುತ್ತೆ, ಹನಿ ಬೀಳಲ್ಲ."

ಸೀಲಕ್ಕ ಹಟಮಾರಿ ನಿಜ, ಆದರೆ ಮೂರ್ಖಳಲ್ಲ. ಕೂತು ಇಪ್ಪತ್ತು ಒತ್ತಿದಳು. ಎಲ್ಲವೂ ಒಂದೇ ಎತ್ತರ, ಅಣ್ಣತಮ್ಮಂದಿರ ಹಾಗೆ. ಮೂತಿಯಲ್ಲಿ ಗುಳಿಯೂ ಇಲ್ಲ. ಗಾಜಿನ ಮೇಲೆ ಉರುಳಿಸಿದಳು. ಐದು ನೆಟ್ಟಗೆ ಬಂದವು, ಉಳಿದವು ಕುಂಟಿದವು.

"ಇದ್ಯಾಕೆ ಹೀಗೆ?" ಅಳಿಯ ತಲೆ ಕೆರೆದುಕೊಂಡ.

"ಒಂದು ಪೆಲೆಟ್ಟು ದಪ್ಪಗೆ ಹುಟ್ಟಿರುತ್ತೆ, ಒಂದು ಬಡಕಲಾಗಿ ಹುಟ್ಟಿರುತ್ತೆ, ಅಳಿಯಂದ್ರೆ. ಎಲ್ಲಕ್ಕೂ ಒಂದೇ ಅಳತೆ ಅಂಗಿ ಹೊಲಿದ್ರೆ ಬಡಕಲಿಗೆ ಜೋತುಬೀಳುತ್ತೆ. ನಿಮ್ಮ ಯಂತ್ರ ಉದ್ದ ನೋಡಿ ನಿಂತುಬಿಡುತ್ತೆ. ಸೀಸ ತುಂಬ್ತಾ ಇಲ್ವಾ ಅಂತ ಅದಕ್ಕೇನು ಗೊತ್ತು? ನನ್ನ ಕೈಗೆ ಗೊತ್ತಿತ್ತು." ಬತ್ತಿಯನ್ನು ಬೆರಳಲ್ಲಿ ಸವರಿ ನೋಡಿ, "ಎಣ್ಣೆ ಬತ್ತಿ ಮಾತ್ರ ಜಾಣತನದ ಕೆಲಸ. ಅದನ್ನ ಬಿಟ್ಟುಹೋಗಿ" ಎಂದಳು.

ದಿನಗಳು ಕೈಜಾರುತ್ತಾ ಹೋದವು. ಬತ್ತಿಯಿಂದ ಗುಳಿಯ ಕಾಟ ತಪ್ಪಿತು. ಆದರೆ ಒತ್ತುವ ಕೈ ಬಗ್ಗಲಿಲ್ಲ. ಬಲಗೈ ಮೇಲೆ ಎಡಗೈ ಇಟ್ಟಳು, ಎರಡೂ ನಡುಗಿದವು. ಮೊಣಕೈಯನ್ನು ಬಟ್ಟೆಯಿಂದ ಮೇಜಿಗೆ ಕಟ್ಟಿದಳು, ಮೇಜು ನಡುಗಿತು. ಪಂದ್ಯಕ್ಕೆ ಆರು ದಿನ ಉಳಿದಾಗ ಯಂತ್ರ ಒತ್ತಿದ್ದನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ, ಪುಟ್ಟ ಬಟ್ಟಲಿನಲ್ಲಿ ನೆಟ್ಟಗೆ ಉರುಳುವ ಗಟ್ಟಿ ಎರಡೇ ಎರಡಿದ್ದವು.

ಅವತ್ತು ಮಧ್ಯಾಹ್ನ ಗಾಳಿ ಬೀಸುತ್ತಿತ್ತು. ಒಂದು ಪೆಲೆಟ್ಟು ಅಚ್ಚಿನಲ್ಲಿತ್ತು. ಹಿಡಿಯನ್ನು ಅರ್ಧ ಒತ್ತಿದ ಸೀಲಕ್ಕನ ಕೈ ಮೀನಿನ ಹಾಗೆ ಒದ್ದಾಡಿತು. ಅವಳಿಗೆ ರೇಗಿತು. ಹಿಡಿ ಬಿಟ್ಟು ಎದ್ದು, ಬಾಗಿಲ ಬಳಿ ಇದ್ದ ಅಜ್ಜನ ಎಂಟು ಕಿಲೋದ ಗುಂಡನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಕೊಂಡಿಗೆ ಹಗ್ಗ ಪೋಣಿಸಿ, ಪ್ರೆಸ್ಸಿನ ಹಿಡಿಯ ತುದಿಗೆ ತೂಗುಹಾಕಿದಳು. "ನೀನೇ ಹಿಡ್ಕೋ, ನನ್ನಿಂದಾಗಲ್ಲ" ಎಂದಳು, ಅಜ್ಜನಿಗೋ ಗುಂಡಿಗೋ. ಒತ್ತಿ ಹಿಡಿಯುವ ಗುಂಡಿಲ್ಲದ ಬಾಗಿಲು ಗಾಳಿಗೆ ಒಂದು ಸಲ ಬಡಿಯಿತು. ಸೀಲಕ್ಕ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.

ಕಣ್ಣೊಳಗೆ ಗುಮ್ಮಟ ಬಂತು. ಬೂದು ಬಣ್ಣದ ತಗಡು ಬಿಸಿಲಿನಲ್ಲಿ ಹಾಲಿನ ಕೆನೆಯ ಹಾಗೆ ಮೆತ್ತಗಿತ್ತು. ಅವಳು ಅದರ ಮೇಲೆ ಬರಿಗಾಲಲ್ಲಿ ನಿಂತಿದ್ದಳು, ಜಾರುತ್ತಲೂ ಇದ್ದಳು. ಆದರೆ ಜಾರುವುದು ಎಷ್ಟು ನಿಧಾನವೆಂದರೆ, ಕೆಳಗೆ ಬೀದಿಯಲ್ಲಿ ಒಂದು ಮರ ನೆಟ್ಟು ಅದು ಹೂಬಿಡುವಷ್ಟರಲ್ಲಿ ಒಂದು ಉಗುರಿನಗಲ. ಪಕ್ಕದಲ್ಲಿ ಒಬ್ಬ ಮುದುಕ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೂತಿದ್ದ. ಅವನ ಕೈಯೂ ನಡುಗುತ್ತಿತ್ತು.

"ನಿಮಗೂನಾ?" ಎಂದಳು ಸೀಲಕ್ಕ.

"ನನಗೆ ಮೊದಲಿಂದ್ಲೂ" ಎಂದ ಮುತ್ತಜ್ಜ. "ಹೊಡೆಯೋನಿಗೆ ಕೈ ಬೇಕು, ಕಾಯೋನಿಗೆ ಯಾಕೆ ಮಗಾ?"

ಎಚ್ಚರವಾದಾಗ ಬಿಸಿಲು ಮೇಜಿನಿಂದ ಗೋಡೆಗೆ ಸರಿದಿತ್ತು. ಗುಂಡು ತೂಗಾಡದೆ ತೆಪ್ಪಗಿತ್ತು. ಮಲಗುವ ಮುಂಚೆ ಮೇಜಿನ ಅಂಚಿಗಿಂತ ಮೇಲಿದ್ದ ಹಿಡಿ ಈಗ ಅಂಚಿಗಿಂತ ಕೆಳಗಿತ್ತು. ಸೀಲಕ್ಕ ಗುಂಡು ಇಳಿಸಿ, ಅಚ್ಚು ಬಿಚ್ಚಿ, ಗಟ್ಟಿಯನ್ನು ಹೊರಗೆ ತೆಗೆದಳು. ಗಾಜಿನ ಮೇಲಿಟ್ಟು ಬೆರಳು ಬಿಟ್ಟಳು. ನೀರಿನ ಮೇಲೆ ದೋಣಿ ಬಂದ ಹಾಗೆ ನೇರ ಬಂದು ಅಂಗೈಗೆ ಬಿತ್ತು. ಅವಳು ಅದನ್ನು ನಾಲ್ಕು ಸಲ ಉರುಳಿಸಿದಳು. ನಾಲ್ಕು ಸಲವೂ ನೇರ.

ಭಾರಕ್ಕೆ ಉದ್ದ ಗೊತ್ತಿಲ್ಲ, ಅವಸರವೂ ಇಲ್ಲ. ದಪ್ಪಗಿನ ಪೆಲೆಟ್ಟಾಗಲಿ, ಬಡಕಲಾಗಲಿ, ಮೂಲೆಮೂಲೆ ತುಂಬುವವರೆಗೆ ಒತ್ತಿಕೊಂಡೇ ಇರುತ್ತದೆ. ತುಂಬಿದ ಮೇಲೆ ತಾನಾಗಿ ನಿಲ್ಲುತ್ತದೆ. ಇಷ್ಟು ವರ್ಷ ತನ್ನ ಕೈ ಕಾಣದೆ ಮಾಡುತ್ತಿದ್ದುದೂ ಇದನ್ನೇ ಎಂದು ಅವಳಿಗೆ ಆಗ ಹೊಳೆಯಿತು.

ಮುಂದಿನ ಐದು ಮಧ್ಯಾಹ್ನ ಅವಳ ಕೋಣೆ ಸದ್ದಿಲ್ಲದ ಲೋಕವಾಗಿತ್ತು. ಒಂದು ಗಟ್ಟಿಗೆ ಅರ್ಧ ಗಂಟೆ. ಗುಂಡು ತೂಗುಹಾಕುವುದು, ಕಣ್ಣು ಮುಚ್ಚುವುದು. ಕೆಳಗೆ ತಮ್ಮನ ಉಜ್ಜುಗಲ್ಲು ಗುಂಯ್ ಎನ್ನುತ್ತಿತ್ತು, ಬೀದಿಯಲ್ಲಿ ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಗುತ್ತಿತ್ತು, ಅವಳು ಅರೆನಿದ್ದೆಯಲ್ಲಿ ಗುಮ್ಮಟದ ಮೇಲೆ ಜಾರುತ್ತಿದ್ದಳು. ಎದ್ದಾಗ ಒಂದು ಗಟ್ಟಿ ಬಟ್ಟಲಿಗೆ. ಆಮೇಲೆ ಮೂರು ಸಲ ಸೋಪು.

ಪಂದ್ಯದ ಹಿಂದಿನ ಸಂಜೆ ತಮ್ಮನನ್ನು ಮೇಲೆ ಕರೆದು, ಗಾಜಿನ ಮುಂದೆ ಕೂರಿಸಿ, ಒಂದೊಂದನ್ನೇ ಉರುಳಿಸಿದಳು. ಹದಿನೈದೂ ನೆಟ್ಟಗೆ ಬಂದು ಅವನ ಅಂಗೈಗೆ ಬಿದ್ದವು. ಕೊನೆಯದು ಬಿದ್ದಾಗ ತಮ್ಮ ಕನ್ನಡಕ ತೆಗೆದು ಒರೆಸಿಕೊಂಡ.

"ಗಾಜು ಕೊಳೆಯಾಗಿತ್ತು" ಎಂದ.

"ಹೌದೌದು, ಕನ್ನಡಕದ ಅಂಗಡಿಯವನಿಗೆ ಒರೆಸೋ ಬಟ್ಟೆ ಸಿಗಲ್ಲ ನೋಡು" ಎಂದಳು ಅಕ್ಕ.

ಪಂದ್ಯದ ದಿನ ಗಾಳಿ ಎಡದಿಂದ ಸಣ್ಣಗೆ ಬರುತ್ತಿತ್ತು. ಸೀಲಕ್ಕ ತನ್ನ ಜಾಗದಲ್ಲಿ ಕೂತು ಕಣ್ಣು ಮುಚ್ಚಿದಳು. ಅರ್ಧ ಉಸಿರು, ದಪ್. ಅದು ಅವಳದೇ. ಅರ್ಧ ಉಸಿರು, ದಪ್. ಒಂಬತ್ತು ಸಲ ತನ್ನ ಮಧ್ಯಾಹ್ನಗಳು ಹುಲ್ಲಿನ ಮೇಲೆ ತೇಲಿಹೋಗುವುದನ್ನು ನೋಡಿದಳು. ಹತ್ತನೆಯದರಲ್ಲಿ ಮಾತ್ರ ತುಸು ತಡವಾಯಿತು ಎನಿಸಿತು. ಕಾಗದ ತಂದಾಗ ಒಂಬತ್ತು ತೂತು ಕನ್ನಡಕದ ಒಂದು ಗಾಜಿನಡಿ ಮುಚ್ಚಿಹೋಗುವಷ್ಟು ಒತ್ತಾಗಿದ್ದವು. ಹತ್ತನೆಯದು ಒಂದೇ ದೂರ ಸಿಡಿದುಕೊಂಡಿತ್ತು. ತಮ್ಮ ಎರಡನೆಯವನಾದ.

ಹಿಂದಿರುಗುವ ದಾರಿಯಲ್ಲಿ ಇಬ್ಬರದೂ ಜಗಳವೇ.

"ಕೊನೇದು ನನ್ನ ತಪ್ಪು ಅಕ್ಕ. ಕಣ್ಣಲ್ಲಿ ನೀರು ಬಂತು."

"ನಿನ್ನ ತಲೆ. ಒಂದು ಮಧ್ಯಾಹ್ನ ಕಾಗೆ ಕೂಗ್ತು ಅಂತ ಬೇಗ ಎದ್ದು ಒಂದನ್ನ ತೆಗೆದುಬಿಟ್ಟಿದ್ದೆ. ಅದೇ ಇದು."

"ಗಾಜಿನ ಮೇಲೆ ನೆಟ್ಟಗೆ ಉರುಳಿತ್ತಲ್ಲ?"

"ನೆಟ್ಟಗೆ ಉರುಳಿತು. ನಿದ್ದೆ ಮುಗಿದಿರಲಿಲ್ಲ. ನನ್ನ ತಪ್ಪನ್ನ ನೀನು ಯಾಕೋ ಕಿತ್ಕೊಳ್ತೀಯಾ?"

ಸಂಜೆ ಅಳಿಯ ಓಡೋಡಿ ಬಂದ. ಪ್ರೆಸ್ಸನ್ನೂ ಪಕ್ಕದಲ್ಲಿದ್ದ ಹಗ್ಗ ಕಟ್ಟಿದ ಗುಂಡನ್ನೂ ಸುತ್ತ ಸುತ್ತಿ ನೋಡಿದ. ಅವನ ಕಣ್ಣು ಅರಳಿತು, ಕೈ ಜೇಬಿನ ಅಳತೆಪಟ್ಟಿಗೆ ಹೋಯಿತು.

"ಅತ್ತೆ! ಇದನ್ನ ನನಗೆ ಮೊದಲೇ ಹೇಳಬಾರದಿತ್ತಾ? ಒಂದು ರಾಟೆ ಹಾಕಿಕೊಡ್ತೀನಿ, ನೀವು ಗುಂಡು ಎತ್ತೋದೇ ಬೇಡ. ಅರ್ಧ ಗಂಟೆಗೆ ಸರಿಯಾಗಿ ಗಂಟೆ ಹೊಡೆಯೋ ಹಾಗೆ ಗಡಿಯಾರ ಕೂರಿಸ್ತೀನಿ. ಸಾಲಾಗಿ ನಾಲ್ಕು ಪ್ರೆಸ್ಸು ಇಟ್ರೆ ಒಂದೇ ಮಧ್ಯಾಹ್ನಕ್ಕೆ ಎಲ್ಲ ಮುಗೀತು!"

ಸೀಲಕ್ಕ ಆಗಲೇ ಹೊಸ ಪೆಲೆಟ್ಟೊಂದನ್ನು ಅಚ್ಚಿಗೆ ಇಳಿಸಿಯಾಗಿತ್ತು. ಗುಂಡನ್ನು ಎರಡೂ ಕೈಯಲ್ಲಿ ಎತ್ತಿ, ನಡುಗುವ ಬೆರಳುಗಳಿಂದಲೇ ಹಗ್ಗವನ್ನು ಹಿಡಿಗೆ ಸಿಕ್ಕಿಸಿದಳು. ಎರಡು ಸಲ ತಪ್ಪಿತು, ಮೂರನೆಯ ಸಲ ಕೂತಿತು. ಸಹಾಯಕ್ಕೆ ಮುಂದೆ ಬಂದ ಅಳಿಯನ ಕೈಯನ್ನು ಮೊಣಕೈಯಿಂದ ಮೆಲ್ಲಗೆ ಸರಿಸಿ, ಕುರ್ಚಿಗೆ ಒರಗಿದಳು.

"ಬೇಡಿ ಅಳಿಯಂದ್ರೆ. ಒತ್ತೋ ಕೆಲಸ ಅಜ್ಜ ಮಾಡ್ತಾನೆ, ನಡೆಯೋ ಕೆಲಸ ಸೀಸ ಮಾಡುತ್ತೆ. ನನ್ನ ಪಾಲಿಗೆ ಉಳಿದಿರೋದು ನಿದ್ದೆ ಒಂದೇ. ಅದಕ್ಕೂ ನೀವು ಸಹಾಯಕ್ಕೆ ಬಂದ್ರೆ ನಾನೇನು ಮಾಡಲಿ? ಹೋಗುವಾಗ ಬಾಗಿಲು ಎಳ್ಕೊಂಡು ಹೋಗಿ, ಗಾಳಿಗೆ ಬಡಿಯುತ್ತೆ."